ನೊಂದು ಬಂದವರಿಗೆ ಒಂದು ಜಾಗ: ಮಲೆನಾಡಿನಲ್ಲಿ ನೆರವಿನ ಕೋಣೆ ಶುರುಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಸಾಗರ, ತೀರ್ಥಹಳ್ಳಿ, ಕೊಪ್ಪ, ಶಿವಮೊಗ್ಗ ನಗರ, ಎಲ್ಲಾ ಕಡೆಯಿಂದ ಬರುವ ಪ್ರಶ್ನೆ ಒಂದೇ. "ನಮ್ಮೂರಿಗೆ ತೋಟದ ಕೆಲಸಕ್ಕೆ ಹೊರಗಿನಿಂದ ಬಂದವರು ತುಂಬಾ ಜನ ಇದ್ದಾರೆ, ಕಷ್ಟ ನೋಡಿ ಬಂದವರು, ಅವರಿಗೊಂದು ನೆರವಿನ ಕೋಣೆ ಮಾಡಬೇಕು ಅಂತಿದ್ದೇವೆ, ಹೇಗೆ ಶುರುಮಾಡೋದು?" ಕೆಲವರ ಹತ್ತಿರ ಖಾಲಿ ಬಿದ್ದ ಸಮುದಾಯ ಭವನ ಇದೆ. ಕೆಲವರ ಹತ್ತಿರ ಮಸೀದಿ ಪಕ್ಕದ ಹಾಲ್, ಚರ್ಚಿನ ಹಿಂದಿನ ಕೋಣೆ, ಶಾಲೆಯ ಹಳೇ ಕೊಠಡಿ. ಕೊನೆಗೆ ಎಲ್ಲರೂ ಕೇಳೋದು, "ಒಳ್ಳೇ ಕೌನ್ಸೆಲರ್ ಯಾರಾದ್ರೂ ಇದ್ದರೆ ಹೇಳಿ."

ಕೌನ್ಸೆಲರ್ ಬೇಕು, ಆದರೆ ಅದು ಆಮೇಲೆ. ಮೊದಲು ಬಾಗಿಲು, ಬೆಂಚು, ಬಚ್ಚಲು, ರಿಜಿಸ್ಟರ್ ಪುಸ್ತಕ ಸರಿಮಾಡಿ. ಬರುವವರಲ್ಲಿ ಜಾಸ್ತಿ ಜನ ನಿಮ್ಮ ಹತ್ತಿರ ತಮ್ಮ ಕಥೆ ಹೇಳೋದೇ ಇಲ್ಲ. ಹೇಳಬೇಕಾಗಿಯೂ ಇಲ್ಲ. ಅವರು ಬಂದು, ಹೆದರದೆ ಕೂತು, ತಮ್ಮ ಕೆಲಸ ಮುಗಿಸಿಕೊಂಡು, ಮತ್ತೊಂದು ದಿನ ತಾವಾಗಿಯೇ ಬರುವ ಹಾಗೆ ಜಾಗ ಇರಬೇಕು. ಈ ಬರಹ ಅದರ ಬಗ್ಗೆ.

ಮೊದಲು ಎರಡು ಪದ ಬಿಡಿಸಿ ಹೇಳುತ್ತೇನೆ.

ಟ್ರಾಮಾ ಅಂದರೆ ಮನಸ್ಸಿಗೆ ಆದ, ಘಟನೆ ಮುಗಿದ ಮೇಲೂ ಮಾಯದ ಪೆಟ್ಟು. ಒಂದೇ ಘಟನೆ ಇಬ್ಬರಿಗೆ ಆಗಿರಬಹುದು, ಒಬ್ಬರಿಗೆ ಅದು ವಾಸಿಯಾಗುತ್ತದೆ, ಇನ್ನೊಬ್ಬರ ಮೈಯಲ್ಲಿ ಉಳಿದುಬಿಡುತ್ತದೆ. ಬಾಗಿಲು ದಡ್ ಅಂದರೆ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹತ್ತೋದಿಲ್ಲ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ, ಇಲ್ಲವೇ ಏನೂ ಅನಿಸದ ಹಾಗೆ ಕಲ್ಲಾಗಿ ಕೂರುತ್ತಾರೆ. ನೋಡಿದವರು "ಅವಳು ಸ್ವಲ್ಪ ಒರಟು", "ಅವನು ಮಾತೇ ಆಡಲ್ಲ" ಅಂದುಕೊಂಡು ಸುಮ್ಮನಾಗುತ್ತಾರೆ.

ಟ್ರಾಮಾ-ಇನ್ಫಾರ್ಮ್ಡ್ ಡಿಸೈನ್ ಅಂದರೆ, ಬರುವವರಲ್ಲಿ ಯಾರಿಗೆ ಬೇಕಾದರೂ ಇಂಥ ಪೆಟ್ಟು ಆಗಿರಬಹುದು ಅಂತ ಮೊದಲೇ ಎಣಿಸಿ, ಹಳೇ ನೋವನ್ನು ಮತ್ತೆ ಕೆದಕದ ಹಾಗೆ ಜಾಗವನ್ನೂ ಕೆಲಸದ ರೀತಿಯನ್ನೂ ರೂಪಿಸೋದು. ಅಮೆರಿಕದ ಸಾಮ್ಸಾ ಅನ್ನುವ ಸರ್ಕಾರಿ ಸಂಸ್ಥೆ 2014ರಲ್ಲಿ ಇದಕ್ಕೆ ಆರು ತತ್ವ ಬರೆದಿಟ್ಟಿತು. ಸುರಕ್ಷತೆ, ಮುಚ್ಚುಮರೆ ಇಲ್ಲದ ನಡೆ, ಅದೇ ಕಷ್ಟ ಕಂಡವರ ಜೊತೆ, ಒಟ್ಟಾಗಿ ತೀರ್ಮಾನ ಮಾಡೋದು, ಬಂದವರ ಮಾತಿಗೂ ಆಯ್ಕೆಗೂ ಬೆಲೆ, ಮತ್ತು ಜಾತಿ-ಧರ್ಮ-ಭಾಷೆ-ಹೆಣ್ಣುಗಂಡು ಅಂತ ಹಿಂದಿನಿಂದ ಆಗಿರುವ ಅನ್ಯಾಯದ ಅರಿವು. ಇದನ್ನು ಗೋಡೆಗೆ ಬರೆಸಿ ಹಾಕೋದು ಬೇಡ. ಬೆಂಚು ಎಲ್ಲಿಡಬೇಕು ಅನ್ನುವಲ್ಲಿ ಇವು ಹೇಗೆ ಕೆಲಸಕ್ಕೆ ಬರುತ್ತವೆ ಅಂತ ಮುಂದೆ ನೋಡೋಣ.

ಶುರುಮಾಡೋಕೆ ಏನು ಬೇಕು? ಒಂದು ಕೋಣೆ, ಅದಕ್ಕೊಂದು ಜಗಲಿ ಅಥವಾ ಮಳೆಗೆ ನಿಲ್ಲೋಕೆ ಆಗುವಷ್ಟು ಮಾಡು, ಒಳಗಿನಿಂದ ಚಿಲಕ ಇರುವ ಶೌಚಾಲಯ, ವಾರದಲ್ಲಿ ತಪ್ಪದೆ ತೆರೆಯುವ ಎರಡು ದಿನ, ಮತ್ತು ನಾಲ್ಕೈದು ಜನ. ಅವರಲ್ಲಿ ಅರ್ಧದಷ್ಟಾದರೂ ನೆರವಿಗೆ ಬರುವವರ ಸಮುದಾಯದವರೇ ಇರಬೇಕು. ಅಷ್ಟು ಜನ ಸಿಗುವವರೆಗೆ ಉದ್ಘಾಟನೆ ಇಟ್ಟುಕೊಳ್ಳಬೇಡಿ.

ಹಂತ 1: ಯಾರು ಬರುತ್ತಾರೆ ಅಂತ ತಿಳಿಯಿರಿ, ಅವರ ದುಃಖದ ಕಥೆ ಕೇಳದೆ

ಮಲೆನಾಡಿನಲ್ಲಿ "ಹೊರಗಿನವರು" ಅಂದರೆ ಒಂದೇ ಥರದ ಜನ ಅಲ್ಲ. ಕಾಫಿ, ಅಡಿಕೆ, ಮೆಣಸಿನ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಅಸ್ಸಾಮ್, ಜಾರ್ಖಂಡ್ ಕಡೆಯವರು ಇದ್ದಾರೆ, ಉತ್ತರ ಕರ್ನಾಟಕದಿಂದ ಗುಳೆ ಬಂದವರು ಇದ್ದಾರೆ. ಭದ್ರಾವತಿಯಲ್ಲಿ ತಲೆಮಾರುಗಳಿಂದ ಇರುವ ತಮಿಳು ಕುಟುಂಬಗಳಿವೆ. ಶಿಕಾರಿಪುರದ ಕಡೆ ಲಂಬಾಣಿ ತಾಂಡಾಗಳಿವೆ. ಹಕ್ಕಿಪಿಕ್ಕಿ ಜನ ಇದ್ದಾರೆ. ಎಣ್ಣೆ, ಗಿಡಮೂಲಿಕೆ ಮಾರಲು ಸುಡಾನ್‌ಗೆ ಹೋಗಿದ್ದ ಹಕ್ಕಿಪಿಕ್ಕಿಗಳು 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾದಾಗ ಸಿಕ್ಕಿಬಿದ್ದು, ಭಾರತ ಸರ್ಕಾರದ ರಕ್ಷಣಾ ಕಾರ್ಯಾಚರಣೆ ಆಪರೇಷನ್ ಕಾವೇರಿ ಮೂಲಕ ವಾಪಸ್ ಬಂದರು. ಗುಂಡಿನ ಸದ್ದು ಕೇಳಿ ಬಂದವರು ಅವರು.

ಇಲ್ಲಿಯವರೇ ಆಗಿಯೂ ನೆಲೆ ಕಳೆದುಕೊಂಡವರೂ ಇದ್ದಾರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರ ಮನೆಯಲ್ಲಿ "ನೋಟಿಸ್ ಬಂದಿದೆ" ಅನ್ನುವ ಎರಡು ಪದ ಸಾಕು, ಆ ದಿನ ಒಲೆ ಹತ್ತೋದಿಲ್ಲ. ಶಿವಮೊಗ್ಗ ನಗರದಲ್ಲಿ 2022ರ ಫೆಬ್ರವರಿಯಲ್ಲಿ ಗಲಾಟೆ ಆಗಿ ನಿಷೇಧಾಜ್ಞೆ ಬಿದ್ದ ದಿನಗಳು ಅಲ್ಲಿನ ಮಕ್ಕಳಿಗೆ ಇನ್ನೂ ನೆನಪಿವೆ, ಯಾವ ಬೀದಿಯ ಮಕ್ಕಳೇ ಆಗಲಿ.

ಹಾಗಾದರೆ ತಿಳಿಯೋದು ಹೇಗೆ? ಸರ್ವೆ ಫಾರಂ ಹಿಡಿದು ಲೈನ್ ಮನೆಗೆ ಹೋಗಬೇಡಿ. ಸಮುದಾಯದ ಐದಾರು ಜನರ ಜೊತೆ, ಅದರಲ್ಲಿ ಹೆಂಗಸರು ಖಂಡಿತ ಇರಲಿ, ಅವರಿಗೆ ಅನುಕೂಲವಾದ ಕಡೆ ಕೂತು ಒಂದು ಪ್ರಶ್ನೆ ಕೇಳಿ: "ಯಾವ ಆಫೀಸಿಗೆ, ಯಾವ ಆಸ್ಪತ್ರೆಗೆ ಹೋಗೋಕೆ ನಿಮಗೆ ಬೇಜಾರು? ಅಲ್ಲಿ ಏನು ಆಗುತ್ತೆ?" ಈ ಪ್ರಶ್ನೆಗೆ ಜನ ಧಾರಾಳವಾಗಿ ಉತ್ತರ ಕೊಡುತ್ತಾರೆ, ಯಾಕಂದ್ರೆ ಇದು ಅವರ ಗಾಯದ ಬಗ್ಗೆ ಅಲ್ಲ, ಕೌಂಟರಿನ ಬಗ್ಗೆ. ನಿಂತೇ ಇರಬೇಕು. ಕೂಗಿ ಹೆಸರು ಕರೆಯುತ್ತಾರೆ. ಎಲ್ಲರೆದುರು ಕಾಯಿಲೆ ಕೇಳುತ್ತಾರೆ. ಆಧಾರ್ ಇಲ್ಲ ಅಂದರೆ ಮುಖ ತಿರುಗಿಸುತ್ತಾರೆ. ಇದನ್ನೆಲ್ಲ ಬರೆದುಕೊಳ್ಳಿ. ನಿಮ್ಮ ಕೋಣೆಯಲ್ಲಿ ಏನೇನು ಇರಬಾರದು ಅನ್ನುವ ಪಟ್ಟಿ ಅಲ್ಲೇ ಸಿಕ್ಕಿತು.

ಜೊತೆಗೆ ದಿನ, ಹೊತ್ತು ಕೇಳಿ. ನಟ್ಟಿ ಸಮಯ, ಅಡಿಕೆ ಕೊನೆ ಕೊಯ್ಲು, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಯಾರೂ ಬರಲಾರರು. ಶುಕ್ರವಾರ ಮಧ್ಯಾಹ್ನ ನಮಾಜು, ಭಾನುವಾರ ಬೆಳಿಗ್ಗೆ ಚರ್ಚು. ಸಂತೆಯ ದಿನ ಒಳ್ಳೆಯದು, ಹೇಗೂ ಪೇಟೆಗೆ ಬಂದಿರುತ್ತಾರೆ, ಕೇಂದ್ರಕ್ಕೆ ಬಂದದ್ದು ಯಾರ ಕಣ್ಣಿಗೂ ಎದ್ದು ಕಾಣೋದಿಲ್ಲ. ಕಡೇ ಬಸ್ಸು ಎಷ್ಟು ಹೊತ್ತಿಗೆ ಅನ್ನೋದನ್ನೂ ಕೇಳಿ.

ಹಂತ 2: ಬಸ್ ಇಳಿದಲ್ಲಿಂದ ಕುರ್ಚಿಯವರೆಗೆ ನಡೆದು ನೋಡಿ

ಸಮುದಾಯದ ಇಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಬಸ್ ಇಳಿದಲ್ಲಿಂದ ನಡೆಯಿರಿ. ಎಲ್ಲಿ ಅವರ ಹೆಜ್ಜೆ ನಿಧಾನ ಆಗುತ್ತದೆ, ಎಲ್ಲಿ ಸುತ್ತು ಹಾಕಿ ಹೋಗುತ್ತಾರೆ ನೋಡಿ, ಕೇಳಿ. ಪೊಲೀಸ್ ಚೌಕಿ ಮುಂದೆ ಹಾಯಬೇಕಾ? ಬಾರ್ ಮುಂದೆ? ಧಣಿಗಳು ಕೂರುವ ಅಂಗಡಿ ಕಟ್ಟೆ ಮುಂದೆ? ತೋಟದ ರೈಟರ್ (ಕೂಲಿ ಲೆಕ್ಕ ಬರೆಯುವವನು) ಓಡಾಡುವ ದಾರಿಯಲ್ಲಿ ಬೋರ್ಡು ಹಾಕಿಕೊಂಡು "ವಲಸೆ ಕಾರ್ಮಿಕರ ಸಮಸ್ಯೆ ಪರಿಹಾರ ಕೇಂದ್ರ" ಅಂತ ಬರೆಸಿದರೆ, ಒಳಗೆ ಹೋದವನ ಕೆಲಸ ಮಾರನೇ ದಿನ ಇರುತ್ತದೆ ಅನ್ನೋ ಭರವಸೆ ಇಲ್ಲ. ಹೆಸರು ಸಾದಾ ಇರಲಿ. ಓದುವ ಕೋಣೆ, ಹೊಲಿಗೆ ಮನೆ, ಮಾಹಿತಿ ಕೋಣೆ, ಯಾವುದಾದರೂ ಸರಿ. ಕಾರಣ ಕೇಳಿದರೆ ಹೇಳಿಕೊಳ್ಳೋಕೆ ಆಗುವಂಥ ಹೆಸರು.

ಈ ನಡಿಗೆಯನ್ನು ಬಿಸಿಲಿನಲ್ಲಿ ಮಾತ್ರ ಮಾಡಬೇಡಿ. ಆಷಾಢದ ಮಳೆಯಲ್ಲಿ ಒಮ್ಮೆ, ಸಂಜೆ ಕತ್ತಲಾದ ಮೇಲೆ ಒಮ್ಮೆ ಮಾಡಿ. ಜನವರಿಯಲ್ಲಿ ಚೆಂದ ಕಂಡ ದಾರಿ ಜುಲೈಯಲ್ಲಿ ಜಾರುಬಂಡೆ, ಬೀದಿ ದೀಪ ಇಲ್ಲ, ಮಗು ಎತ್ತಿಕೊಂಡ ಹೆಂಗಸು ಹೇಗೆ ಬರಬೇಕು?

ಹಂತ 3: ಬಾಗಿಲು, ಜಗಲಿ, ಕೂರುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅರ್ಧ ಕೆಲಸ ಇಲ್ಲೇ ಇದೆ.

ಹೆದರಿದ ಮನುಷ್ಯ ಹೊಸ ಜಾಗಕ್ಕೆ ಬಂದಾಗ ಮೊದಲು ನೋಡೋದು ಹೊರಗೆ ಹೋಗುವ ದಾರಿ. ಅದು ಕಣ್ಣಿಗೆ ಕಾಣುತ್ತಿದ್ದರೆ ಮೈ ಸಡಿಲ ಆಗುತ್ತದೆ. ಹಾಗಾಗಿ ಕೂತಲ್ಲಿಂದ ಬಾಗಿಲು ಕಾಣಬೇಕು. ಬಂದವರ ಬೆನ್ನು ಗೋಡೆಯ ಕಡೆ ಇರಲಿ, ಬಾಗಿಲಿನ ಕಡೆ ಬೇಡ. ಮಾತಾಡುವ ಕಾರ್ಯಕರ್ತೆ ಅವರಿಗೂ ಬಾಗಿಲಿಗೂ ನಡುವೆ ಕೂರಬಾರದು. ಮೇಜಿನ ಆಚೆ ಈಚೆ ಎದುರುಬದರು ಕೂತರೆ ಅದು ಠಾಣೆಯ ವಿಚಾರಣೆ ಥರ ಆಗುತ್ತದೆ. ಮೇಜಿನ ಮೂಲೆಯಲ್ಲಿ ಓರೆಯಾಗಿ ಕೂತುಕೊಳ್ಳಿ, ಆಗ ಕಣ್ಣಲ್ಲಿ ಕಣ್ಣಿಟ್ಟೇ ಮಾತಾಡಬೇಕು ಅನ್ನುವ ಒತ್ತಾಯ ಇರುವುದಿಲ್ಲ.

ಒಂದು ಕಡೆ ಎಲ್ಲ ವ್ಯವಸ್ಥೆ ಮಾಡಿದ್ದರು, ಹೊಸ ಕುರ್ಚಿ, ಫ್ಯಾನು, ಬಣ್ಣ. ಬಾಗಿಲಿಗೆ ಎಳೆಯುವ ಕಬ್ಬಿಣದ ಗೇಟು. ಕಳ್ಳರ ಭಯ ಅಂತ ಅರ್ಧ ಎಳೆದೇ ಇಡುತ್ತಿದ್ದರು. ಒಬ್ಬ ಹೆಂಗಸು ಕೊಡೆ ಮಡಚದೆ, ಆ ಅರ್ಧ ಗೇಟಿನ ಹೊರಗೆ ನಿಂತೇ ಮಾತು ಮುಗಿಸಿ ಹೋದಳು. ಅವಳ ಸೆರಗಿನ ಅಂಚಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಕರೆದರೂ ಬರಲಿಲ್ಲ. ತೆರೆದಿರುವ ಹೊತ್ತಿನಲ್ಲಿ ಗೇಟು ಪೂರ್ತಿ ತೆರೆದಿರಲಿ, ಕೊಂಡಿಯಲ್ಲಿ ಬೀಗ ನೇತಾಡುವುದೂ ಬೇಡ.

ಗುಟ್ಟಾಗಿ ಮಾತಾಡಲು ಒಂದು ಸಣ್ಣ ಕೋಣೆ ಬೇಕು, ಆದರೆ ಅದು ಗೂಡಿನ ಹಾಗೆ ಇರಬಾರದು. ಬಾಗಿಲಿನಲ್ಲಿ ಗಾಜಿನ ಕಿಂಡಿ ಇರಲಿ, ಮಾತು ಹೊರಗೆ ಕೇಳಬಾರದು, ಆಕಾರ ಮಾತ್ರ ಕಾಣಬೇಕು. ಬಾಗಿಲು ಮುಚ್ಚೋಣವೋ ತೆರೆದಿಡೋಣವೋ ಅಂತ ಪ್ರತಿ ಸಲ ಬಂದವರನ್ನೇ ಕೇಳಿ.

ಈಗ ಜಗಲಿ. ಮಲೆನಾಡಿನ ಮನೆಗೆ ಜಗಲಿ ಇದ್ದೇ ಇರುತ್ತದೆ. ಅದು ಮನೆಯೂ ಅಲ್ಲ ಬೀದಿಯೂ ಅಲ್ಲ, ಒಳಗೆ ಬರಬೇಕೋ ಬೇಡವೋ ಅಂತ ಯೋಚಿಸುವವರಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಅಲ್ಲಿ ಬೆಂಚು ಹಾಕಿ, ಕುಡಿಯುವ ನೀರಿಡಿ. ಬರೀ ಜಗಲಿಯಲ್ಲಿ ಕೂತು ಎದ್ದು ಹೋದರೂ ಯಾರೂ ಕೇಳಬಾರದು. ಆದರೆ ಒಂದು ವಿಷಯ ಮರೆಯಬೇಡಿ. ನಮ್ಮ ಮಲೆನಾಡಿನಲ್ಲೇ ಆಳುಗಳು ಜಗಲಿ ಹತ್ತುವಂತಿರಲಿಲ್ಲ, ಅಂಗಳದಲ್ಲೇ ನಿಲ್ಲಬೇಕಿತ್ತು, ಕೆಲವು ಕಡೆ ಇವತ್ತಿಗೂ ಆ ಗೆರೆ ಅಳಿಸಿಲ್ಲ. ಹಿರಿಯರ ಕಾಲು ಮೆಟ್ಟಿಲ ಹತ್ತಿರ ತಾನಾಗಿಯೇ ನಿಲ್ಲುತ್ತದೆ. ಹಾಗಾಗಿ ಜಗಲಿಯ ಬೆಂಚು ಬಂದವರಿಗೂ ಕಾರ್ಯಕರ್ತರಿಗೂ ಒಂದೇ ಆಗಿರಲಿ, ನೀವೂ ಅಲ್ಲೇ ಕೂತು ಟೀ ಕುಡಿಯಿರಿ. ಒಬ್ಬರಿಗೆ ಕುರ್ಚಿ, ಒಬ್ಬರಿಗೆ ಚಾಪೆ ಬೇಡವೇ ಬೇಡ. ಕೆಲವರಿಗೆ ಕೆಳಗೆ ಕೂರುವುದೇ ಹಿತ, ಆಗ ನೀವೂ ಕೆಳಗೆ ಕೂರಿ.

ಎಡವುವ ಜಾಗ: ಗೋಡೆಯ ಚಿತ್ರಗಳು. ಒಂದೇ ಧರ್ಮದ ದೇವರ ಫೋಟೋ ಇಟ್ಟರೆ ಉಳಿದವರಿಗೆ ಇದು ನಮ್ಮ ಜಾಗ ಅಲ್ಲ ಅನಿಸುತ್ತದೆ. ಎಲ್ಲ ದೇವರ ಫೋಟೋ ಹಾಕಿ ಸರಿದೂಗಿಸಲು ಹೋದರೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಶುರುವಾಗುತ್ತದೆ. ಸುಮ್ನೆ ಒಂದು ಗಿಡ ಇಡಿ, ಕ್ಯಾಲೆಂಡರ್ ಇಡಿ. ಹೆದರಿಸುವ ಆರೋಗ್ಯ ಪೋಸ್ಟರುಗಳನ್ನೂ ಕಾಯುವ ಜಾಗದಿಂದ ತೆಗೆಯಿರಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾಗಿದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮನೆ ಮನೆಯನ್ನು ಅಲುಗಾಡಿಸಿತು. ಅಂಥ ಊರಿನವರು ಕಾಯುತ್ತಾ ಕೂತಾಗ ಎದುರಿಗೆ ಸತ್ತ ಮಂಗನ ಚಿತ್ರ ಯಾಕೆ? ಮುನ್ನೆಚ್ಚರಿಕೆ ಹೇಳಲೇಬೇಕು, ಬಾಯಲ್ಲಿ ಹೇಳಿ, ಚೀಟಿ ಕೊಡಿ.

ಹಂತ 4: ಸದ್ದು ಮತ್ತು ಬೆಳಕು

ತಗಡಿನ ಶೀಟಿನ ಮೇಲೆ ಮಲೆನಾಡಿನ ಮಳೆ ಬಿದ್ದರೆ ಎದುರಿಗಿದ್ದವರ ಮಾತೇ ಕೇಳೋದಿಲ್ಲ. ಕೇಳದಾಗ ಜೋರಾಗಿ ಮಾತಾಡುತ್ತೇವೆ. ಜೋರು ಮಾತು ನೊಂದವರಿಗೆ ಬೈಗುಳದ ಹಾಗೆ ಕೇಳುತ್ತದೆ, ಅದೂ ಭಾಷೆ ಅರ್ಥ ಆಗದವರಿಗೆ. ಹೆಂಚಿನ ಕೋಣೆ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಶೀಟೇ ಗತಿ ಅನ್ನುವುದಾದರೆ ಒಳಗಿನಿಂದ ಬಿದಿರಿನ ತಟ್ಟಿ ಹೊಡೆಸಿ, ಗೋಡೆಗೆ ದಪ್ಪ ಬಟ್ಟೆ ಅಥವಾ ಚಾಪೆ ಕಟ್ಟಿ. ಥರ್ಮಾಕೋಲ್ ಬೇಡ, ಬೆಂಕಿ ಬೇಗ ಹಿಡಿಯುತ್ತದೆ.

ದಿಢೀರ್ ಸದ್ದು ಇನ್ನೂ ಕೆಟ್ಟದ್ದು. ಮಂಗ, ಆನೆ ಓಡಿಸಲು ತೋಟದಲ್ಲಿ ಗರ್ನಾಲು ಹೊಡೆಯುತ್ತಾರೆ. ಹಬ್ಬ, ಗೆದ್ದ ಮೆರವಣಿಗೆ ಅಂತ ಪಟಾಕಿ ಇರುತ್ತದೆ. ಅದನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿ ಇಲ್ಲ, ಆದರೆ ಗೊತ್ತಿದ್ದರೆ ಮೊದಲೇ ಹೇಳುವುದು ಇದೆ. "ಇವತ್ತು ಸಂಜೆ ಮೆರವಣಿಗೆ ಇದೆ, ಪಟಾಕಿ ಸದ್ದು ಬರುತ್ತೆ, ಬೇಕಿದ್ದರೆ ಹಿಂದಿನ ಕೋಣೆಯಲ್ಲಿ ಕೂರಬಹುದು." ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದರೆ ಭಯ ಎಷ್ಟೋ ಕಡಿಮೆ ಆಗುತ್ತದೆ. ಇದೇ ಕಾರಣಕ್ಕೆ ಕೋಣೆಯ ಒಳಗೂ ಕೂಗಿ ಹೆಸರು ಕರೆಯಬೇಡಿ, ಹತ್ತಿರ ಹೋಗಿ ಹೇಳಿ. ಬಾಗಿಲಿನ ಕೆಳಗೆ ರಬ್ಬರ್ ಹೊಡೆಸಿ, ಗಾಳಿಗೆ ಬಡಿಯದ ಹಾಗೆ.

ಮಿಣುಕುವ ಟ್ಯೂಬ್‌ಲೈಟ್ ಇವತ್ತೇ ಬದಲಿಸಿ. ಹಳದಿ ಬೆಳಕಿನ ಎಲ್‌ಇಡಿ ಹಾಕಿ. ಮಳೆಗಾಲದಲ್ಲಿ ಕರೆಂಟ್ ಹೋಗಿಯೇ ಹೋಗುತ್ತದೆ, ಆಗ ಒಳಗಿರುವವರು ಕತ್ತಲಲ್ಲಿ ಅಪರಿಚಿತರ ಜೊತೆ ಸಿಕ್ಕಿಹಾಕಿಕೊಳ್ಳಬಾರದು. ತಾನಾಗಿ ಹತ್ತಿಕೊಳ್ಳುವ ಚಾರ್ಜಿಂಗ್ ಲೈಟು ಕೋಣೆಗೊಂದು, ಶೌಚಾಲಯಕ್ಕೊಂದು ಇರಲೇಬೇಕು.

ಹಂತ 5: ಶೌಚಾಲಯ, ನೀರು, ಟೀ

ಒಳಗಿನ ಚಿಲಕ ಗಟ್ಟಿ ಇರಲಿ. ಬೀಗದ ಕೈ ಯಾರ ಹತ್ತಿರವೋ ಕೇಳಿ ಪಡೆಯುವ ಹಾಗೆ ಇರಬಾರದು, ಅದೂ ಗಂಡಸರ ಹತ್ತಿರ. ಬಕೆಟ್ಟು, ಮಗ್ಗು, ಮುಚ್ಚಳ ಇರುವ ಕಸದ ಡಬ್ಬಿ. ಲೈನ್ ಮನೆಗಳಲ್ಲಿ ಎಷ್ಟೋ ಕಡೆ ಹೆಂಗಸರು ಕತ್ತಲಾಗುವುದನ್ನೇ ಕಾಯಬೇಕು. ಅವರಿಗೆ ನಿಮ್ಮ ಕೋಣೆಯ ಅತಿ ದೊಡ್ಡ ಉಪಕಾರ ಇದೇ ಇರಬಹುದು.

ಟೀ ಲೋಟ ಎಲ್ಲರಿಗೂ ಒಂದೇ ಥರದ್ದು. ಕೆಲವರಿಗೆ ಸ್ಟೀಲು, ಕೆಲವರಿಗೆ ಪೇಪರ್ ಕಪ್ಪು ಅಂತಾದರೆ, ಅದರ ಅರ್ಥ ಏನು ಅಂತ ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರಂಜಾನ್ ತಿಂಗಳಲ್ಲಿ ಹಗಲು ಟೀ ಒತ್ತಾಯ ಮಾಡಬೇಡಿ.

ಹಂತ 6: ಕಾಗದ, ರಿಜಿಸ್ಟರ್, ಫೋಟೋ

ಜನ ನಂಬಿಕೆ ಕಳೆದುಕೊಳ್ಳುವುದು ಇಲ್ಲೇ. ಬಾಗಿಲಲ್ಲೇ "ಆಧಾರ್ ಕೊಡಿ, ಯಾವ ಊರು, ಫೋನ್ ನಂಬರ್ ಬರೀರಿ" ಅಂದರೆ, ಅಸ್ಸಾಮಿನಿಂದ ಬಂದ ಬಂಗಾಳಿ ಮಾತಾಡುವ ಮನುಷ್ಯನಿಗೆ ಅದು ನೆರವಿನ ಕೋಣೆ ಅಲ್ಲ, ತಪಾಸಣೆ. ಕಾಗದ ಸರಿ ಇದ್ದವರೂ ಹೆದರುತ್ತಾರೆ. ಮುಳುಗಡೆ ಕುಟುಂಬದವರ ಹತ್ತಿರ ಕಾಗದ ಕೇಳಿದರೆ ಇನ್ನೊಂದು ಥರದ ನೋವು. ಅರವತ್ತು ವರ್ಷದಿಂದ ಅವರು ಅಲೆಯುತ್ತಿರುವುದೇ ಒಂದು ಕಾಗದಕ್ಕೆ.

ನಿಯಮ ಸರಳ: ಯಾವ ಮಾಹಿತಿಯಿಂದ ಇವತ್ತು ಅವರಿಗೆ ಕೆಲಸ ಆಗುತ್ತದೋ ಅಷ್ಟೇ ಕೇಳಿ. ರೇಷನ್ ಕಾರ್ಡಿನ ಕೆಲಸಕ್ಕೆ ರೇಷನ್ ಕಾರ್ಡ್ ನೋಡಿ, ನೋಡಿ ವಾಪಸ್ ಕೊಡಿ, ಜೆರಾಕ್ಸ್ ಇಟ್ಟುಕೊಳ್ಳಬೇಡಿ. ಬರೀ ಕೂರಲು ಬಂದವರಿಂದ ಏನೂ ಬೇಡ. ಲೆಕ್ಕ ಬೇಕಿದ್ದರೆ ಗೆರೆ ಹಾಕಿ, ಎಷ್ಟು ಜನ ಬಂದರು ಅಂತ ತಿಳಿಯುತ್ತದೆ. ಕೇಳುವ ಮೊದಲು ಯಾಕೆ ಕೇಳುತ್ತಿದ್ದೇವೆ, ಎಲ್ಲಿ ಇಡುತ್ತೇವೆ, ಯಾರು ನೋಡುತ್ತಾರೆ ಅಂತ ಹೇಳಿ. "ಬೇಡ" ಅಂದರೂ ಕೆಲಸ ನಿಲ್ಲಬಾರದು.

ಗುಟ್ಟು ಕಾಯುವ ಮಾತಿಗೆ ಒಂದು ಮಿತಿ ಇದೆ, ಅದನ್ನು ಮೊದಲೇ ಹೇಳಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಆದರೆ ಮಗುವಿಗೆ ತೊಂದರೆ ಆಗಿದ್ದರೆ ಅಥವಾ ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ನಾವು ಬೇರೆಯವರ ಸಹಾಯ ತಗೋಬೇಕಾಗುತ್ತೆ." ಇಷ್ಟು ಮಾತನ್ನು ಎಲ್ಲ ಕಾರ್ಯಕರ್ತರೂ ಬಾಯಿಪಾಠ ಮಾಡಿಕೊಳ್ಳಲಿ. ಎಲ್ಲ ಹೇಳಿಸಿಕೊಂಡು ಆಮೇಲೆ ಈ ಮಾತು ಹೇಳಿದರೆ ಅದು ಮೋಸ.

ಫೋಟೋ ತೆಗೆಯಲೇಬೇಡಿ. ದುಡ್ಡು ಕೊಟ್ಟವರು ಕೇಳುತ್ತಾರೆ, ಗೊತ್ತು. ಅವರಿಗೆ ಖಾಲಿ ಕೋಣೆಯ ಫೋಟೋ, ಹೊಸ ಶೌಚಾಲಯದ ಫೋಟೋ ಕಳಿಸಿ. ಅಳುವ ತಾಯಿಯ ಮುಖ ವಾಟ್ಸಾಪ್ ಗ್ರೂಪಿಗೆ ಹೋದ ದಿನ ನಿಮ್ಮ ಕೋಣೆ ಮುಗಿದ ಹಾಗೆ. ಕಾಯುವ ಜಾಗದಲ್ಲಿ ಸಿಸಿಟಿವಿಯೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಟ್ಟಡದ ಮಾಲೀಕರು ಹಾಕಿಸಿಬಿಟ್ಟಿದ್ದರೆ ಎಲ್ಲಿದೆ, ಯಾರು ನೋಡುತ್ತಾರೆ ಅಂತ ಚೀಟಿ ಅಂಟಿಸಿ.

ಹಂತ 7: ಭಾಷೆ ಮತ್ತು ದುಭಾಷಿ

ಅಕ್ಷರ ಬಾರದವರು ಜಾಸ್ತಿ ಇರುತ್ತಾರೆ. ಬೋರ್ಡಿನಲ್ಲಿ ಕನ್ನಡದ ಜೊತೆ ಬರುವವರ ಭಾಷೆ, ಉರ್ದುವೋ ತಮಿಳೋ ಹಿಂದಿಯೋ ಬಂಗಾಳಿಯೋ, ಪಕ್ಕದಲ್ಲಿ ಚಿತ್ರ ಇರಲಿ. ಎಲ್ಲ ಭಾಷೆಯ ಅಕ್ಷರವೂ ಒಂದೇ ಅಳತೆಯಲ್ಲಿ ಇರಲಿ.

ದುಭಾಷಿ ವಿಷಯದಲ್ಲಿ ಎರಡು ಕಟ್ಟುನಿಟ್ಟು. ಒಂದು, ಮೇಸ್ತ್ರಿಯನ್ನೋ ರೈಟರನ್ನೋ ದುಭಾಷಿ ಮಾಡಬೇಡಿ. ಕೂಲಿ ಕೊಡುವವನ ಬಾಯಿಂದ ಕೂಲಿಯವನ ಕಷ್ಟ ಹೊರಗೆ ಬರುವುದಿಲ್ಲ. ಎರಡು, ಮಕ್ಕಳನ್ನು ಮಾಡಬೇಡಿ. ಶಾಲೆಗೆ ಹೋಗುವ ಹುಡುಗಿಗೆ ಕನ್ನಡ ಚೆನ್ನಾಗಿ ಬರುತ್ತದೆ, ನಿಜ, ಆದರೆ ಅಮ್ಮನ ಮೈಮೇಲಿನ ಏಟಿನ ಬಗ್ಗೆ ಆ ಹುಡುಗಿ ವಾಕ್ಯ ಜೋಡಿಸಿ ಹೇಳಬೇಕಾ? ಅದೇ ಭಾಷೆಯ ದೊಡ್ಡವರೊಬ್ಬರಿಗೆ ತರಬೇತಿ ಕೊಡಿ, ಅವರ ಹೊತ್ತಿಗೆ ದುಡ್ಡು ಕೊಡಿ. ಸಣ್ಣ ಸಮುದಾಯದಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ಹಾಗಾಗಿ "ಇವರು ಇದ್ದರೆ ಪರವಾಗಿಲ್ವಾ?" ಅಂತ ಮೊದಲು ಕೇಳಿ. ಬೇಡ ಅಂದರೆ ಫೋನಿನಲ್ಲಿ ಬೇರೆ ಊರಿನ ದುಭಾಷಿ ಹಿಡಿಯಿರಿ.

ಕನ್ನಡ ಬರುವವರ ಜೊತೆ "ನೀವು", "ಬನ್ನಿ" ಅನ್ನಿ. ತೋಟದಲ್ಲಿ ಬೆಳಗಿಂದ ಸಂಜೆವರೆಗೆ ಏಕವಚನವೇ ಕೇಳಿರುತ್ತಾರೆ. ವಯಸ್ಸಿಗೆ ತಕ್ಕ ಹಾಗೆ ಅಕ್ಕ, ಅಣ್ಣ, ಅಜ್ಜಿ ಅನ್ನಬಹುದು, ಆದರೆ ಅವರೇ ಹೆಸರು ಹೇಳಿದರೆ ಹೆಸರಿಗೆ ಮರ್ಯಾದೆ ಸೇರಿಸಿ ಕರೆಯಿರಿ.

ಹಂತ 8: ಕಾರ್ಯಕರ್ತರ ಮಾತು, ಮತ್ತು ಯಾರಾದರೂ ಗಾಬರಿಯಾದಾಗ

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮನಸ್ಸಿನ ಪ್ರಥಮ ಚಿಕಿತ್ಸೆಗೆ ಒಂದು ಕೈಪಿಡಿ ತಂದಿತು. ಅದರ ಸಾರ ಮೂರು ಮಾತು: ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ (ಅಂದರೆ ಬೇಕಾದ ನೆರವಿನ ಹತ್ತಿರ ತಲುಪಿಸಿ). ಕೇಳಿಸಿಕೊಳ್ಳಿ ಅಂದರೆ ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಬಗೆದು ಕೇಳುವುದಲ್ಲ. "ಎಲ್ಲ ಹೇಳಿಬಿಡಿ, ಮನಸ್ಸು ಹಗುರ ಆಗುತ್ತೆ" ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಪೆಟ್ಟು ತಿಂದವರಿಂದ ಒಂದೇ ಕೂತಲ್ಲಿ ಘಟನೆಯ ವಿವರ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅನ್ನುತ್ತದೆ, ಅದರಿಂದ ಕೆಲವರಿಗೆ ಕೆಟ್ಟದ್ದೇ ಆಗುತ್ತದೆ. ಅವರೇ ಹೇಳಲು ಶುರುಮಾಡಿದರೆ ತಡೆಯಬೇಡಿ, ಅವರು ನಿಲ್ಲಿಸಿದಲ್ಲಿ ನೀವೂ ನಿಲ್ಲಿಸಿ.

"ಅಳಬೇಡಿ", "ಆಗಿದ್ದು ಆಯ್ತು, ಮರೆತುಬಿಡಿ", "ನಿಮಗಿಂತ ಕಷ್ಟ ಇರೋರು ಎಷ್ಟು ಜನ ಇಲ್ಲ" ಇವು ಬೇಡ. "ನಿಮ್ಮ ಕಡೆಯವರು ಹೀಗೆಲ್ಲ ಮಾಡ್ತಾರಂತೆ ಹೌದಾ" ಅನ್ನುವುದಂತೂ ಬಾಯಿಗೇ ಬರಬಾರದು.

ಕೆಲವರಿಗೆ ಇದ್ದಕ್ಕಿದ್ದಂತೆ ಉಸಿರು ಮೇಲೆ ಕೆಳಗೆ ಆಗುತ್ತದೆ, ಕೈ ನಡುಗುತ್ತದೆ, ಹಳೇ ಘಟನೆ ಈಗಲೇ ನಡೆಯುತ್ತಿದೆ ಅನ್ನುವ ಹಾಗೆ ಕಣ್ಣು ಎಲ್ಲೋ ಹೋಗುತ್ತದೆ. ಆಗ ಗ್ರೌಂಡಿಂಗ್ ಮಾಡಿಸಿ. ಅಂದರೆ ಮನಸ್ಸನ್ನು ಈ ಹೊತ್ತಿಗೆ, ಈ ಜಾಗಕ್ಕೆ ತರುವುದು. ಸುತ್ತ ಗುಂಪು ಕಟ್ಟಬೇಡಿ, ಒಬ್ಬರೇ ಹತ್ತಿರ ಇರಿ. ಕೇಳದೆ ಮುಟ್ಟಬೇಡಿ, ಬೆನ್ನು ಸವರುವುದೂ ಬೇಡ. ಮೆಲ್ಲಗೆ ಹೇಳಿ: "ನಾನು ಇಲ್ಲೇ ಇದ್ದೀನಿ. ನೀವು ಈಗ ತೀರ್ಥಹಳ್ಳಿಯಲ್ಲಿ ಇದ್ದೀರಿ, ಸೋಮವಾರ ಮಧ್ಯಾಹ್ನ. ಪಾದ ನೆಲಕ್ಕೆ ಒತ್ತಿ. ಕಣ್ಣಿಗೆ ಕಾಣೋ ಐದು ವಸ್ತು ಹೇಳಿ." ಕೈಗೆ ತಣ್ಣೀರಿನ ಲೋಟ ಕೊಡಿ. ಕಣ್ಣು ಮುಚ್ಚಿ ಧ್ಯಾನ ಮಾಡಿ ಅನ್ನಬೇಡಿ, ಕೆಲವರಿಗೆ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಎದೆನೋವು ಅಂದರೆ ಮನಸ್ಸಿನದ್ದೇ ಅಂತ ತೀರ್ಮಾನ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಂತ 9: ಜೋಡಿಸುವುದು

ನಿಮ್ಮ ಕೋಣೆ ಆಸ್ಪತ್ರೆ ಅಲ್ಲ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರು, ಸಾಯುವ ಮಾತಾಡುವವರು, ಇಲ್ಲದ ದನಿ ಕೇಳಿಸುತ್ತದೆ ಅನ್ನುವವರು, ಕುಡಿತದಲ್ಲಿ ಮುಳುಗಿದವರು, ಇವರಿಗೆ ವೈದ್ಯರು ಬೇಕು. ಟೆಲಿ-ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡವಲ್ಲದೆ ಬೇರೆ ಭಾಷೆಗಳಲ್ಲೂ ಮಾತಾಡುತ್ತಾರೆ. ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ನಂಬರ್ ಚೀಟಿ ಕೊಟ್ಟು ಕಳಿಸಿದರೆ ಸಾಲದು. ಮೊದಲ ಸಲ ಜೊತೆಗೆ ಹೋಗಿ, ಒಪಿಡಿ ಚೀಟಿ ಮಾಡಿಸಿ, ಬಸ್ ಹತ್ತಿಸಿ. ಆ ದಿನದ ಕೂಲಿ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ. ಮಲೆನಾಡಿನ ಮನೆಗಳಲ್ಲಿ ತೋಟದ ಔಷಧಿ, ಕಳೆನಾಶಕ, ಮೈಲುತುತ್ತ ಕೈಗೆ ಸಿಗುವ ಹಾಗೆಯೇ ಇರುತ್ತವೆ. ಮನೆಯವರನ್ನು ಕೇಳಿ ಅವನ್ನು ಬೀಗ ಹಾಕಿಸಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡುವವರು ತುಂಬಾ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಸಾಯುವ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿ ಇದ್ದರು ಅಂತಲೇ ಎಣಿಸಬೇಕು, ಶಿಕ್ಷೆ ಅಲ್ಲ ಆರೈಕೆ ಕೊಡಬೇಕು. ಇದನ್ನು ಮನೆಯವರಿಗೆ ಹೇಳಿ, ಧೈರ್ಯ ಬರುತ್ತದೆ.

ಇನ್ನೊಂದು ಮಾತು. ಎಷ್ಟೋ ಜನರ ಸಂಕಟಕ್ಕೆ ಔಷಧಿ ಅಂದರೆ ಬಾಕಿ ಕೂಲಿ, ರೇಷನ್ನು, ಮಗುವಿನ ಶಾಲೆಯ ಸೀಟು. ಹೊರ ರಾಜ್ಯದ ರೇಷನ್ ಕಾರ್ಡಿಗೂ ಇಲ್ಲಿ ಅಕ್ಕಿ ಸಿಗುವ ವ್ಯವಸ್ಥೆ ಇದೆ, ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ. ಆ ಕೆಲಸ ಮಾಡಿಸಿಕೊಟ್ಟರೆ ರಾತ್ರಿ ನಿದ್ದೆ ಬರುತ್ತದೆ. ಅದೂ ಮನಸ್ಸಿನ ಆರೈಕೆಯೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಹಂತ 10: ಒಟ್ಟಿಗೆ ಮಾಡುವ ಕೆಲಸ, ಮತ್ತು ಕೋಣೆ ನಡೆಸಿಕೊಂಡು ಹೋಗುವುದು

ಗಾಯ ಮಾಯುವುದು ಬಹಳ ಸಲ ಕೈ ಕೆಲಸದ ನಡುವೆ. ಲಂಬಾಣಿ ಅಜ್ಜಿಯರು ಕಸೂತಿ ಹಾಕುತ್ತಾ ಹಾಡುತ್ತಾರೆ, ಪಕ್ಕದಲ್ಲಿ ಕೂತ ಬೇರೆ ಭಾಷೆಯ ಹುಡುಗಿಗೆ ಹಾಡು ಅರ್ಥ ಆಗದಿದ್ದರೂ ಸೂಜಿ ಹಿಡಿಯುವುದು ಅರ್ಥ ಆಗುತ್ತದೆ. ಒಟ್ಟಿಗೆ ಅಡುಗೆ, ಹೊಲಿಗೆ, ಕೋಣೆ ಹಿಂದೆ ಸೊಪ್ಪಿನ ಮಡಿ, ಇಂಥದ್ದು ಇರಲಿ. ಇದನ್ನು ಪ್ರದರ್ಶನ ಮಾಡಬೇಡಿ. ಅತಿಥಿಗಳು ಬಂದಾಗ "ನಿಮ್ಮ ಡ್ರೆಸ್ ಹಾಕ್ಕೊಂಡು ಬಂದು ಒಂದು ಡಾನ್ಸ್ ಮಾಡಿ" ಅನ್ನುವುದು ತಪ್ಪು. ಏನು ಮಾಡಬೇಕು, ಯಾವ ಹಬ್ಬ ಆಚರಿಸಬೇಕು ಅಂತ ಅವರೇ ಹೇಳಲಿ, ಖರ್ಚಿನ ಪುಸ್ತಕವೂ ಅವರ ಕೈಗೆ ಹೋಗಲಿ.

ದಿನವಿಡೀ ಕಷ್ಟ ಕೇಳುವ ಕಾರ್ಯಕರ್ತರಿಗೂ ನಿದ್ದೆ ಕೆಡುತ್ತದೆ, ಅದರಲ್ಲೂ ಅದೇ ಸಮುದಾಯದಿಂದ ಬಂದವರಿಗೆ. ವಾರಕ್ಕೊಮ್ಮೆ ಅವರಷ್ಟೇ ಕೂತು ಮಾತಾಡಲಿ. ಯಾರೂ ಒಬ್ಬರೇ ಕೋಣೆ ತೆರೆಯಬಾರದು. ರಜೆ ಕೇಳಿದರೆ ಪ್ರಶ್ನೆ ಇಲ್ಲದೆ ಕೊಡಿ.

ಮೂರು ತಿಂಗಳಾದ ಮೇಲೆ ಹಂತ 2ರ ನಡಿಗೆಯನ್ನು ಮತ್ತೆ ಮಾಡಿ, ಈ ಸಲ ಬಂದು ಹೋಗುವವರ ಜೊತೆ. ಅವರು ಬದಲಿಸಿ ಅಂದದ್ದರಲ್ಲಿ ಒಂದನ್ನಾದರೂ ಅದೇ ವಾರ ಬದಲಿಸಿ, ಬದಲಾಗದ್ದಕ್ಕೆ ಕಾರಣ ಹೇಳಿ.

ತೆರೆಯುವ ಹೊತ್ತು ಅಂದರೆ ತೆರೆಯುವ ಹೊತ್ತೇ. ಹತ್ತು ಗಂಟೆ ಅಂತ ಬರೆದು ಹನ್ನೊಂದಕ್ಕೆ ಬಾಗಿಲು ತೆರೆದರೆ, ಕೂಲಿ ಬಿಟ್ಟು ಬಂದವರು ಎರಡನೇ ಸಲ ಬರುವುದಿಲ್ಲ. ರಸ್ತೆಗೆ ಮರ ಬಿದ್ದು ಬರಲಾಗದಿದ್ದರೆ ಹತ್ತಿರದಲ್ಲೇ ಇರುವ ಇನ್ನೊಬ್ಬರ ಕೈಯಲ್ಲಿ ಬೀಗದ ಕೈ ಇರಲಿ. ದುಡ್ಡು ಮುಗಿದು ಕೋಣೆ ನಿಲ್ಲಿಸಬೇಕಾಗಿ ಬಂದರೆ ಎರಡು ತಿಂಗಳು ಮೊದ್ಲೇ ಎಲ್ಲರಿಗೂ ತಿಳಿಸಿ. ನೋಟಿಸ್ ಅಂಟಿಸಿ ಹೋಗಬೇಡಿ, ಅವರವರ ಭಾಷೆಯಲ್ಲಿ, ಎದುರಿಗೆ ಕೂತು, ಮುಂದೆ ಯಾರ ಹತ್ತಿರ ಹೋಗಬೇಕು ಅಂತ ಹೆಸರು, ಜಾಗ ಸಮೇತ ಹೇಳಿ.